ಸಾಯಬಿಣಿಗೆ ಹೇಳಿದ್ದು ಬೇರೆ

ಹೆದರಿಕೆ ಎಂಬುದು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇರುತ್ತದೆ. ಬರುವುದು, ಬಾಗಿಲಲ್ಲಿ ನನ್ನನ್ನು ಕಾಣುವುದು, ತಾನೇ ಹೆದರಿ ತಿರುಗಿ ಹೋಗುವುದು. ಸುಮ್ಮನೆ ಹೇಳುತ್ತಿಲ್ಲ. ಪ್ರಾಯದಲ್ಲಿ ನಾನು ಕಾರವಾರದ ಕಡಲ ದಂಡೆಯಿಂದ ದೀಪಸ್ತಂಭದ ದ್ವೀಪದವರೆಗೆ ಈಜಿದವನು. ಹೋಗುವಾಗ ಬರಿಗೈ. ಬರುವಾಗ ಬೆನ್ನ ಮೇಲೆ ಒಂದು ಕಂಚಿನ ಗಂಟೆ. ಯಾವ ಕಾಲದಲ್ಲೋ ಮುಳುಗಿದ ಪರಂಗಿ ಹಡಗಿನದು, ಕಾಲಿಗೆ ತಾಗಿತು, ಮುಳುಗಿ ಎತ್ತಿಕೊಂಡೆ. ಅಂಕೋಲೆಯ ಕೇಣಿ ಹತ್ತಿರದ ನಮ್ಮ ಸಣ್ಣ ಇಗರ್ಜಿಯಲ್ಲಿ ಇವತ್ತಿಗೂ ಬಾರಿಸುವುದು ಅದೇ ಗಂಟೆ. ಬಾರಿಸುವವನೂ ನಾನೇ. ಅದಕ್ಕೇ ಊರೆಲ್ಲ ನನ್ನನ್ನು ಗಂಟೆಮಾಮ ಅನ್ನುತ್ತದೆ. ಆ ದಿನ ದಂಡೆಯಲ್ಲಿ ನಿಂತು ನೋಡಿದವರು ಬಹಳ ಮಂದಿ. ಈಗ ಎಲ್ಲರೂ ಇಗರ್ಜಿಯ ಹಿಂದೆ ಮಣ್ಣಿನಲ್ಲಿ ಮಲಗಿದ್ದಾರೆ. ಬೇಕಾದವರು ಹೋಗಿ ಕೇಳಬಹುದು.

ಪೂಜೆ ಮುಗಿದ ಮೇಲೆ ಇಗರ್ಜಿಯ ಕಟ್ಟೆಯಲ್ಲಿ ನನ್ನ ಮಾತು ಕೇಳಲು ಕೆಲವರು ಕೂರುತ್ತಾರೆ. ಅವರಲ್ಲಿ ಒಬ್ಬ ನಿವೃತ್ತ ಬಸ್ ಕಂಡಕ್ಟರ್. ಜೀವಮಾನವಿಡೀ ಅಂಕೋಲೆ-ಕಾರವಾರ ಬಸ್ಸಿನಲ್ಲಿ ಟಿಕೆಟ್ ಇಲ್ಲದವರನ್ನು ಹಿಡಿದವನು. ಈಗ ಅವನಿಗೆ ಹಿಡಿಯಲು ನಾನೊಬ್ಬನೇ ಉಳಿದಿದ್ದೇನೆ.

"ಮಾಮಾ, ಗಂಟೆ ಮೇಲೆ ಬೆಳಗಾವಿ ಅಂತ ಕೊರ್ದದ್ಯಲ್ಲಾ?" ಎಂದ ಒಂದು ದಿನ.

"ಇರಬಹುದು ಮಾರಾಯಾ. ನಂಗೆ ಓದೂಕೆ ಬರೂದಿಲ್ಲ. ಊರಲ್ಲಿ ಓದೂಕೆ ಬರುವವರು ಹೆಚ್ಚಾದ ಮೇಲೇ ಅದು ಬೆಳಗಾವಿದ್ದು ಆದದ್ದು. ಮೊದಲು ಕಡಲಿನದ್ದೇ ಆಗಿತ್ತು."

ಹೀಗೆ ಯಾರಿಗೂ, ಯಾವುದಕ್ಕೂ ಬಗ್ಗದವನು ನಾನು. ಆದರೂ ಒಂದು ವರ್ಷ ಒಂದು ಹೆದರಿಕೆ ಬಂತು; ಬಾಗಿಲಲ್ಲಿ ನನ್ನನ್ನು ಕಂಡರೂ ತಿರುಗಿ ಹೋಗಲಿಲ್ಲ. ಒಳಗೆ ಬಂದು ಕೂತೇಬಿಟ್ಟಿತು.

ಗುರುತಿಲ್ಲದವ

ಬೇಲೆಕೇರಿ ಬಂದರಿಗೆ ಅದಿರಿನ ಲಾರಿಗಳು ಸಾಲುಗಟ್ಟಿ, ಅಂಕೋಲೆಯಲ್ಲಿ ಒಣಹಾಕಿದ ಬಿಳಿ ಅಂಗಿಯೆಲ್ಲ ಕೆಂಪಾಗುತ್ತಿದ್ದ ಕಾಲ. ಕಾರವಾರದಿಂದ ನಮ್ಮ ಇಗರ್ಜಿಗೆ ಹೊಸ ಪಾದ್ರಿ ಬಂದರು. ಮೀಸೆ ಆಗಷ್ಟೇ ಗಟ್ಟಿಯಾಗಿತ್ತು, ಮಾತು ಅದಕ್ಕಿಂತ ಗಟ್ಟಿ.

ಪಾದ್ರಿಯ ಪ್ರವಚನದ ಹೊತ್ತಿಗೆ ನಾನು ಹಿಂದಿನ ಬೆಂಚಿನಲ್ಲಿ ಗಂಟೆಯ ಹಗ್ಗ ಹಿಡಿದುಕೊಂಡೇ ನಿದ್ದೆ ಮಾಡುವವ. ಹಳೆಯ ಪಾದ್ರಿಗಳು ಯಾರೂ ಎಬ್ಬಿಸುತ್ತಿರಲಿಲ್ಲ. ಇವರು ಎಬ್ಬಿಸಿಬಿಟ್ಟರು. ದನಿ ಏರಿಸಿ ಅಲ್ಲ, ಇಳಿಸಿ.

"ಸತ್ತ ಮೇಲೆ ನೀವು ಸ್ವರ್ಗದ ಬಾಗಿಲು ತಟ್ಟುತ್ತೀರಿ. ದಿನಾ ಪೂಜೆಗೆ ಬಂದವ, ಉಪವಾಸ ಮಾಡಿದವ, ಮೇಣದ ಬತ್ತಿ ಹಚ್ಚಿದವ ಅನ್ನುತ್ತೀರಿ. ಒಳಗಿನಿಂದ ದೇವರು, ಯಾರಪ್ಪಾ ನೀನು, ನಂಗೆ ಗುರುತೇ ಇಲ್ಲವಲ್ಲ ಅಂದರೆ?"

ಪೂಜೆ ಮುಗಿದದ್ದೇ ಪಾದ್ರಿಯ ಹಿಂದೆ ಓಡಿದೆ.

"ಫಾದರ್, ಈ ಗುರುತಿನ ಕತೆ ಎಲ್ಲರಿಗೂ ಉಂಟಾ, ಇಗರ್ಜಿಯ ಕೆಲಸ ಮಾಡುವವರಿಗೆ ಏನಾದ್ರೂ ರಿಯಾಯಿತಿ ಉಂಟಾ?"

"ಎಂತಕ್ಕೆ ಮಾಮ?"

"ನಾನು ಗಂಟೆ ಎಳೆಯೂವವ. ನನ್ನ ಗುರುತು ಇಲ್ದೇ ಹೋಗೂದು ಹೆಂಗೆ?"

ಪಾದ್ರಿ ನಿಲುವಂಗಿ ಮಡಚುತ್ತ, "ನಿಮ್ಮ ಗಂಟೆಯ ಗುರುತು ಅವನಿಗೆ ಚೆನ್ನಾಗಿ ಉಂಟು. ನಿಮ್ಮ ದನಿ ಮಾತ್ರ ಕೇಳಿಲ್ಲ," ಎಂದರು. ನನ್ನ ಮುಖ ನೋಡಿ ಪಾಪ ಅನಿಸಿರಬೇಕು, ಕೂರಿಸಿ ಬಿಡಿಸಿ ಹೇಳಿದರು. "ಧರ್ಮ ಅಂದ್ರೆ ದೋಣಿ ಇದ್ದ ಹಾಗೆ ಮಾಮ. ಅಧ್ಯಾತ್ಮ ಅಂದ್ರೆ ಅದರಲ್ಲಿ ಕೂತು ಕಡಲಿಗೆ ಇಳಿಯೂದು. ನೀವು ಇಷ್ಟು ವರ್ಷ ದಡದಲ್ಲೇ ನಿಂತು ದೋಣಿಗೆ ಬಣ್ಣ ಹೊಡೀತಾ ಇದ್ದೀರಿ."

ಅಷ್ಟು ದೂರ ಈಜಿದ ನನಗೆ ಅವರು ಕಡಲಿನ ಉದಾಹರಣೆಯನ್ನೇ ಯಾಕೆ ಕೊಟ್ಟರೋ. ಎದ್ದು ನಿಂತೆ.

"ಫಾದರ್, ಬಣ್ಣ ಇನ್ನೂ ಹಸಿ ಉಂಟು. ಒಣಗಲಿ, ಇಳಿವ," ಎಂದು ಹೇಳಿ ಬಂದೆ.

ದೀಪ ಆರಿತು

ಮನೆಗೆ ಬಂದು ಹೆಂಡತಿಯ ಹತ್ತಿರ ಕೇಳಿದೆ. ಅವಳು ಪೂಜೆಗೆ ಯಾವತ್ತೂ ಹೊತ್ತಿಗೆ ಸರಿಯಾಗಿ ಬಂದವಳಲ್ಲ. ನಾನು ಮೂರನೇ ಗಂಟೆ ಎಳೆಯುವಾಗ ಅವಳು ಇನ್ನೂ ಮೀನಿನವಳ ಜೊತೆ ಚೌಕಾಸಿಯಲ್ಲಿರುತ್ತಾಳೆ. ಆದರೆ ಒಲೆಯ ಮುಂದೆ ಕೂತರೆ ಸಾಕು, ದೇವರ ಜೊತೆ ಮಾತೋ ಮಾತು. ಅದೂ ಏಕವಚನದಲ್ಲಿ. "ನೋಡೋ ಸಾಯ್ಬಾ, ಬಂಗಡೆ ಸಾರಿಗೆ ಹುಳಿ ಹೆಚ್ಚಾಯ್ತು. ಈಗ ಇವ್ರು ಬೈತ್ರು. ಅವ್ರ ನಾಲಿಗೆ ಸ್ವಲ್ಪ ಹೊತ್ತು ಕಟ್ಟಿಡು."

"ದೇವರ ಹತ್ರ ಮಾತಾಡೂದು ಹೆಂಗೆ ಮಾರಾಯ್ತಿ?" ಎಂದೆ.

"ಬಾಯಿಗೆ ಬಂದದ್ದು ಹೇಳೂದು. ನಿಮಗೆ ಅದನ್ನೂ ಕಲಿಸೂಕೆ ಬೇಕಾ?"

ಮಧ್ಯಾಹ್ನ ಯಾರೂ ಇಲ್ಲದ ಹೊತ್ತು ನೋಡಿ ಇಗರ್ಜಿಗೆ ಹೋದೆ. ದೇವರ ಪೆಟ್ಟಿಗೆಯ ಪಕ್ಕದಲ್ಲಿ ಕೆಂಪು ಗಾಜಿನೊಳಗೆ ನಂದಾದೀಪ ಉರಿಯುತ್ತಿತ್ತು. ಮೊಣಕಾಲೂರಿದೆ. ಮೊದಲು ಪರಿಚಯ ಆಗಲಿ ಎಂದು ನನ್ನ ವಿಷಯ ಶುರು ಮಾಡಿದೆ. ಪ್ರಾಯದಲ್ಲಿ ಈಜಿದ್ದು ಹೇಳಿದೆ. ಪೂಜಾಪೀಠದ ಕೆಳಗಿದ್ದ ನಾಗರಹಾವನ್ನು ಬಾಲ ಹಿಡಿದು ಎತ್ತಿ, ಅದಕ್ಕೆ ಬುದ್ಧಿ ಹೇಳಿ ಕಳಿಸಿದ್ದು ಹೇಳಿದೆ. ಗೋಡೆ ಹಾರಿ ಬಂದ ಚಿರತೆ ನನ್ನ ಕೆಮ್ಮು ಕೇಳಿ ಅದೇ ಗೋಡೆ ಹಾರಿ ಹೋದದ್ದು ಹೇಳಿದೆ.

ಚಿರತೆ ಗೋಡೆ ಹಾರಿತು ಎನ್ನುವಾಗ ದೀಪ ಒಮ್ಮೆ ನಡುಗಿತು. "ಚಿರತೆ ಅಲ್ದಿದ್ರೆ ದೊಡ್ಡ ಬೆಕ್ಕು ಇರಬಹುದು ಸ್ವಾಮಿ," ಎಂದೆ. ದೀಪ ಪಟ್ ಎಂದು ಆರಿತು.

ಅಷ್ಟೇ. ಆವತ್ತು ನಾನು ಓಡಿದ ಓಟಕ್ಕೆ ನಿಜವಾಗಿ ಸಾಕ್ಷಿ ಇದ್ದಾಳೆ, ನನ್ನ ಹೆಂಡತಿ. ಮನೆಗೆ ಬಂದು ಚಾಪೆಯ ಮೇಲೆ ಬಿದ್ದವನು ಬೆವರುತ್ತ ಹೇಳಿದೆ: "ಮುಗೀತು ಮಾರಾಯ್ತಿ. ನನ್ನ ಮಾತು ಕೇಳಿ ದೇವರು ದೀಪ ಆರಿಸಿ ಮಲಗ್ದ. ಇನ್ನು ಗುರುತು ಸಿಗೂದು ಸುಳ್ಳು."

ಅವಳು ಮೀನು ಕೊಯ್ಯುತ್ತಿದ್ದವಳು ತಲೆ ಎತ್ತದೆ ಕೇಳಿದಳು. "ಆ ದೀಪಕ್ಕೆ ಎಣ್ಣೆ ಹಾಕೂ ಕೆಲಸ ಯಾರದ್ದು?"

ಸತ್ತವರು ಯಾರು

ಪಾದ್ರಿ ಇನ್ನೊಂದು ಉಪಾಯ ಹೇಳಿದರು. ಕಾರವಾರದಲ್ಲಿ ಧ್ಯಾನದ ಶಿಬಿರ ಇದೆ, ಒಂದಿಡೀ ದಿನ ಯಾರೂ ಮಾತಾಡುವ ಹಾಗಿಲ್ಲ, ಹೋಗಿ ಬನ್ನಿ ಎಂದರು. ಹೆಂಡತಿ ಶಿಲುಬೆಯ ಗುರುತು ಹಾಕಿಕೊಂಡಳು. "ಫಾದರ್, ಇವ್ರನ್ನ ಅಲ್ಲಿ ಒಂದು ವಾರ ಇಟ್ಕೊಳ್ಳೂಕೆ ಆಗೂದಿಲ್ವಾ?"

ದೊಡ್ಡ ಹಾಲ್, ನೆಲದ ಮೇಲೆ ಚಾಪೆ. ಬೋಧಕರು ಬಂದು, "ಕಣ್ಣು ಮುಚ್ಚಿ, ಒಳಗೆ ಇಳಿಯಿರಿ," ಎಂದು ಹೇಳಿ ಹೊರಗೆ ಹೋದರು. ನಾನೂ ಕಣ್ಣು ಮುಚ್ಚಿದೆ. ಒಳಗೆ ಭಾರೀ ಕತ್ತಲೆ. ಆ ಕತ್ತಲೆಯಲ್ಲಿ ಒಂದು ಬಾಗಿಲು ಕಂಡಿತು, ಬಾಗಿಲ ಹಿಂದೆ ಯಾರೋ ನಿಂತ ಹಾಗೆ. ಗಾಬರಿಯಾಗಿ ಕಣ್ಣು ಬಿಟ್ಟೆ.

ಪಕ್ಕದಲ್ಲಿ ದಪ್ಪಗೆ ಒಬ್ಬರು ಕೂತಿದ್ದರು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿದ್ದವರಂತೆ. ಕತ್ತು ಒಂದು ಕಡೆ ವಾಲಿದೆ, ಬಾಯಿ ಸ್ವಲ್ಪ ತೆರೆದಿದೆ, ನೊಣ ಕೂತರೂ ಅಲುಗಾಟ ಇಲ್ಲ. ಎದೆ ನೋಡಿದೆ, ಏರುತ್ತಿಲ್ಲ, ಇಳಿಯುತ್ತಿಲ್ಲ. ನನ್ನನ್ನು ಹುಡುಕಿಕೊಂಡು ಬಂದ ಸಾವು ಒಂದು ಚಾಪೆ ತಪ್ಪಿ ಕೂತಿದೆ, ಅಷ್ಟೇ.

ಕೂಗೋಣ ಎಂದರೆ ಮಾತಾಡುವ ಹಾಗಿಲ್ಲ. ಗಂಟೆಯವನಿಗೆ ಸಾವು ಕಂಡರೆ ಮಾಡಲು ಗೊತ್ತಿರುವ ಕೆಲಸ ಒಂದೇ. ಎದ್ದು ಹೊರಗೆ ಹೋದೆ, ಪಕ್ಕದ ಪ್ರಾರ್ಥನಾಮಂದಿರದ ಹಗ್ಗ ಹಿಡಿದೆ, ಸಾವಿನ ಗಂಟೆ ಬಾರಿಸಿದೆ. ಒಂದು ಪೆಟ್ಟು, ಒಂದು ಉಸಿರು ಬಿಡುವು, ಮತ್ತೊಂದು ಪೆಟ್ಟು. ಸತ್ತದ್ದು ಗಂಡಸು ಎಂದು ಗೊತ್ತಾಗುವ ಹಾಗೆ, ಪದ್ಧತಿ ಪ್ರಕಾರ. ಅಷ್ಟು ಚಂದದ ಸಾವಿನ ಗಂಟೆ ಕಾರವಾರದಲ್ಲಿ ಮೊದಲೂ ಯಾರೂ ಬಾರಿಸಿಲ್ಲ, ಆಮೇಲೂ ಇಲ್ಲ.

ಅಕ್ಕಪಕ್ಕದ ಮನೆಯವರು ತಲೆಗೆ ಸೆರಗು ಹೊದ್ದು ಓಡಿಬಂದರು. ಹಾಲಿನಿಂದ ಎಲ್ಲರೂ ಹೊರಗೆ ಬಂದರು. ಎಲ್ಲರಿಗಿಂತ ಹಿಂದೆ ಆ ಮ್ಯಾನೇಜರ್, ಕಣ್ಣು ಉಜ್ಜುತ್ತ. ಬಂದವರು ಪದ್ಧತಿ ಬಿಡಲಿಲ್ಲ. ಅಂಗಳದಲ್ಲೇ ಮೊಣಕಾಲೂರಿ ಸತ್ತವರ ಆತ್ಮಕ್ಕೆ ಪೂರ್ತಿ ಪ್ರಾರ್ಥನೆ ಹೇಳಿದರು, ಭಕ್ತಿಯಿಂದ. ಪ್ರಾರ್ಥನೆ ಮುಗಿಸಿ ಎದ್ದ ಮ್ಯಾನೇಜರ್ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಯಾರು ಹೋದದ್ದು?"

ಹಗ್ಗ ಕೈಬಿಟ್ಟೆ.

"ನೀವೇ," ಎಂದೆ.

ನಡುವೆ ಸಿಕ್ಕಿದವಳು

ಆ ವರ್ಷದ ಕೊನೆಗೆ ಸಾಯಬಿಣಿ ಮನೆಮನೆಗೆ ಹೊರಟಳು. ಸಾಯಬಿಣಿ ಎಂದರೆ ಒಡತಿ, ಮೇರಿ ಮಾತೆ. ಅವಳ ಸಣ್ಣ ಮೂರ್ತಿ ಪ್ರತಿ ಸಂಜೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹಾಡಿನ ಜೊತೆ ಹೋಗುತ್ತದೆ. ಹೋದ ಮನೆಯಲ್ಲಿ ಪ್ರಾರ್ಥನೆ, ಆಮೇಲೆ ಎಲ್ಲರಿಗೂ ಬೇಯಿಸಿದ ಕಡಲೆ. ನಮ್ಮಲ್ಲಿ ಒಂದು ಕಟ್ಟುನಿಟ್ಟು: ಈ ಮನೆಯ ಪೀಠದಿಂದ ಎತ್ತಿದ ಮೂರ್ತಿಯನ್ನು ಆ ಮನೆಯ ಪೀಠ ಮುಟ್ಟುವವರೆಗೆ ಕೈಯಿಂದ ಕೆಳಗಿಡಬಾರದು. ಕೆಳಗಿಟ್ಟರೆ ಹೊತ್ತವನಿಗೆ ಕೇಡು. ಹೊರುವವ ನಾನು. ಹಾಗಾಗಿ ಹೆದರುವವನೂ ನಾನು.

ಕೇಣಿ ಕಡೆ ಇಬ್ಬರು ಓರಗಿತ್ತಿಯರು, ನಡುವೆ ಒಂದೇ ಗೋಡೆ. ಯಾವುದೋ ತೆಂಗಿನ ಮರದ ವಿಷಯಕ್ಕೆ ಮಾತು ಬಿಟ್ಟಿದ್ದರು. ಇಬ್ಬರೂ ಉಪವಾಸ ತಪ್ಪಿಸಿದವರಲ್ಲ, ಜಪಸರ ಕೈಬಿಟ್ಟವರಲ್ಲ. ಹಿರಿಯವಳ ಮನೆಯಿಂದ ಕಿರಿಯವಳ ಮನೆಗೆ ಸಾಯಬಿಣಿ ಹೋಗುವ ಸಂಜೆ ಬಂತು. ಹಿರಿಯವಳು ಮೂರ್ತಿಯ ಒಂದು ಬದಿ ಬಿಡಲಿಲ್ಲ. ಕಿರಿಯವಳು ಹೊಸ್ತಿಲಿನಿಂದಲೇ ಇನ್ನೊಂದು ಬದಿ ಹಿಡಿದಳು. ನಡುವೆ ನಾನು.

"ಮಾಯೀ," ಎಂದು ಹಿರಿಯವಳು ಮೂರ್ತಿಗೆ ಹೇಳಿದಳು, "ಆ ಮನೆಯವಳಿಗೆ ಹೇಳು. ಹೋದ ವರ್ಷ ಅವಳ ಕಡಲೆ ಬೆಂದಿರ್ಲಿಲ್ಲ. ನಿನ್ನ ಮಕ್ಕಳ ಹಲ್ಲು ಹೋಯ್ತು."

"ಮಾಯೀ," ಎಂದಳು ಕಿರಿಯವಳು, "ಈ ಮನೆಯವಳಿಗೆ ನೀನೂ ಹೇಳು. ಹಲ್ಲು ಹೋದದ್ದು ಕಡಲೆಯಿಂದಲ್ಲ, ಬಾಯಿ ಹೆಚ್ಚು ಆಡಿಸಿ."

"ನಿನ್ನ ಎದುರು ಸುಳ್ಳು ಹೇಳ್ತಾಳೆ ನೋಡು ಮಾಯೀ."

"ನಿನ್ನ ಸೆರಗು ಜಗ್ತಾಳೆ ನೋಡು ಮಾಯೀ."

ಜಗ್ಗಾಟದಲ್ಲಿ ಇಬ್ಬರ ಕೈಯೂ ಒಟ್ಟಿಗೆ ಜಾರಿತು. ನೆಲ ಮುಟ್ಟಲು ಒಂದು ಗೇಣು ಇರುವಾಗ ಹೊಟ್ಟೆಯ ಮೇಲೆ ಬಿದ್ದು ಹಿಡಿದೆ. ಮಲಗಿದಲ್ಲೇ ಮೂರ್ತಿಯ ಮುಖ ನೋಡಿದೆ. ದಿನಾ ನೋಡುವ ಮುಖವೇ. ಆದರೆ ಆವತ್ತು ಗೊತ್ತಾಯಿತು, ಅದು ಇಬ್ಬರು ಸೊಸೆಯಂದಿರ ನಡುವೆ ಸಿಕ್ಕಿಬಿದ್ದ ಅತ್ತೆಯ ಮುಖ.

ಪದ್ಧತಿಗೆ ಈಜು ಬರ್ತದ್ಯಾ

ಮಾರನೇ ಸಂಜೆ ಸಾಯಬಿಣಿ ಕೇಣಿಯಿಂದ ಬೇಲೆಕೇರಿಯ ಮೊದಲ ಮನೆಗೆ ಹೋಗಬೇಕಿತ್ತು. ರಸ್ತೆಯಲ್ಲಿ ಅದಿರಿನ ಲಾರಿಗಳು ಒಂದಕ್ಕೊಂದು ಮೂಗು ತಾಗಿಸಿ ನಿಂತಿದ್ದವು. ಪಾದ್ರಿ ಸ್ಕೂಟರಿನಲ್ಲಿ ಸಂದಿ ಹುಡುಕಿ ಮುಂದೆ ಹೋದರು. ಹೋಗುವಾಗ, "ಮಾಮ, ಕತ್ತಲಾಗೂ ಮೊದಲು ಮುಟ್ಟಬೇಕು, ನೀವು ದೋಣಿಯಲ್ಲಿ ಬನ್ನಿ," ಎಂದರು.

ನಡೆದೇ ಬರುತ್ತೇನೆ ಎನ್ನಬೇಕೆಂದಿದ್ದೆ. ಆದರೆ ಊರವರೆಲ್ಲ ನನ್ನ ಕಡೆ ನೋಡುತ್ತಿದ್ದರು. ದ್ವೀಪದವರೆಗೆ ಈಜಿದವನು ದೋಣಿಗೆ ಹತ್ತುವುದಿಲ್ಲ ಎನ್ನುವುದು ಹೇಗೆ?

ದೋಣಿಯವ ನನ್ನ ವಯಸ್ಸಿನ ಒಬ್ಬ ಮೀನುಗಾರ ಖಾರ್ವಿ, ಬಾಯಿ ಬಹಳ ಜೋರು. ಅವನದು ಸಣ್ಣ ಪಾತಿ ದೋಣಿ, ಅವನಷ್ಟೇ ಹಳೆಯದು. ನಾನು ಮೂರ್ತಿಯನ್ನು ಅಪ್ಪಿಕೊಂಡು ನಡುವೆ ಕೂತೆ. ಕಿರಿಯ ಓರಗಿತ್ತಿ ಈ ವರ್ಷ ಚೆನ್ನಾಗಿ ಬೇಯಿಸಿದ ಕಡಲೆಯನ್ನು, ಬೇಲೆಕೇರಿಯವರೂ ತಿಂದು ನೋಡಲಿ ಎಂದು, ಹಿತ್ತಾಳೆಯ ತಪ್ಪಲೆಯಲ್ಲಿ ತುಂಬಿ ಕಾಲ ಹತ್ತಿರ ಇಟ್ಟಳು. ಹೊರಟೆವು.

ನಡುಗಡಲಿಗೆ ಬರುವಾಗ ಅದಿರು ಹೊತ್ತ ಬಾರ್ಜು ಒಂದು ಪಕ್ಕದಲ್ಲೇ ಹೋಯಿತು. ಅದು ಹೋದದ್ದೇನೋ ಸರಿ, ಅದರ ಹಿಂದೆ ತೆರೆ ಬಂತು. ಮೊದಲನೇ ತೆರೆಗೆ ದೋಣಿ ತಲೆ ಎತ್ತಿತು. ಎರಡನೇ ತೆರೆ ಒಳಗೇ ಬಂತು. ನೀರು ನನ್ನ ಮೊಣಕಾಲಿಗೆ.

"ಏ ಗಂಟೆ, ನೀರು ತೋಡು," ಎಂದ ಖಾರ್ವಿ. ಅವನ ಎರಡೂ ಕೈ ಹುಟ್ಟಿನ ಮೇಲೆ.

"ಕೈ ಖಾಲಿ ಇಲ್ಲ."

"ಅಮ್ಮನ್ನ ಕೆಳಗಿಡು."

"ಕೆಳಗಿಡೂ ಹಂಗಿಲ್ಲ. ಪದ್ಧತಿ."

"ಪದ್ಧತಿಗೆ ಈಜು ಬರ್ತದ್ಯಾ?"

ನಾನು ಮೂರ್ತಿಯನ್ನು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡೆ. ಇನ್ನೊಂದು ತೆರೆ ಬಂತು. ಖಾರ್ವಿ ಹುಟ್ಟು ಹಾಕುತ್ತಲೇ ಹಲ್ಲು ಕಿರಿದ. "ನಿಂಗೆಂತ ಚಿಂತೆ. ಗಂಟೆ ಹೊತ್ತು ಈಜಿದವ ನೀನು. ದೋಣಿ ಮಗುಚಿದ್ರೆ ನನ್ನನ್ನೂ ಬೆನ್ನ ಮೇಲೆ ಹಾಕ್ಕೋ. ಗಂಟೆಗಿಂತ ಹಗುರ ಇದ್ದೆ."

ಆಗ ನಾನು ಪ್ರಾರ್ಥನೆಗೆ ಬಾಯಿ ತೆಗೆದೆ. ಒಂದೂ ಬರಲಿಲ್ಲ. ಬಂದದ್ದು ಇಷ್ಟೇ: "ನಮಗಾಗಿ ಬೇಡಿಕೊಳ್ಳಿ, ನಮಗಾಗಿ ಬೇಡಿಕೊಳ್ಳಿ." ಇಗರ್ಜಿಯಲ್ಲಿ ಮುಂದಿನಿಂದ ಪಾದ್ರಿ ಸಂತರ ಒಂದೊಂದೇ ಹೆಸರು ಹೇಳುತ್ತಾರೆ, ಹಿಂದಿನಿಂದ ನಾವು ಇದನ್ನು ಹೇಳುತ್ತೇವೆ. ಜೀವಮಾನವಿಡೀ ನಾನು ಹಿಂದಿನಿಂದ ಹೇಳಿದವನೇ. ಮುಂದಿನದ್ದು ಹೇಳುವವರು ಸ್ಕೂಟರಿನಲ್ಲಿ ಹೋಗಿಬಿಟ್ಟಿದ್ದರು.

ನೀರು ಸಾಯಬಿಣಿಯ ಪಾದಕ್ಕೆ ಮುಟ್ಟಿತು. ಅವಳ ಮುಖ ನೋಡಿದೆ. ಇಟ್ಟರೆ ಕೇಡು, ಇಡದಿದ್ದರೆ ಅದಕ್ಕಿಂತ ಮೊದಲೇ ಕೇಡು. ಮುದ್ದೆ ಮಾಡಿಟ್ಟ ಬಲೆಯ ಮೇಲೆ ಅವಳನ್ನು ಕೂರಿಸಿದೆ. ತಪ್ಪಲೆಯ ಕಡಲೆಯನ್ನು ಪೂರ್ತಿ ಕಡಲಿಗೆ ಸುರಿದೆ. ಅದೇ ತಪ್ಪಲೆಯಿಂದ ನೀರು ತೋಡತೊಡಗಿದೆ. ಕೈ ತೋಡುತ್ತಿತ್ತು, ಬಾಯಿ ತಾನೇ ಶುರುವಾಯಿತು.

"ಮಾಯೀ, ನಂಗೆ ಈಜು ಬರೂದಿಲ್ಲ. ಸೊಂಟದ ನೀರಿಗೂ ನಾನು ಇಳಿದವನಲ್ಲ. ನಂಗೆ ನೀರಂದ್ರೆ ಹೆದರಿಕೆ. ಸಾಯೂದು ಹೆದರಿಕೆ. ಸತ್ತು ಅಲ್ಲಿಗೆ ಬಂದಾಗ ನನ್ನ ಗುರುತು ಯಾರಿಗೂ ಸಿಗದಿದ್ರೆ ಅಂತ ಅದಕ್ಕಿಂತ ಹೆದರಿಕೆ. ನೀನಾದ್ರೂ ನೋಡಿಟ್ಕೋ. ನಾನು ಇಂಥವ. ತಪ್ಪಲೆ ಹಿಡ್ಕೊಂಡು ನಡುಗ್ತಾ ಇದ್ದವ. ನಾನು ಬಾಗಿಲು ತಟ್ಟಿದ್ರೆ ಒಳಗಿಂದ ಅವರಿಗೆ ಹೇಳು, ಇಂವ ನಂಗೆ ಗೊತ್ತು, ದೋಣಿಯಲ್ಲಿ ಸಿಕ್ಕಿದ್ದ ಅಂತ."

ಖಾರ್ವಿಯ ಹಲ್ಲು ಕಿರಿಯುವುದು ನಿಂತಿತ್ತು. ಅವನೂ ಏನೋ ಗುಣುಗುಣು ಹೇಳುತ್ತ ಹುಟ್ಟು ಹಾಕಿದ. ಎಷ್ಟು ಹೊತ್ತೋ ಗೊತ್ತಿಲ್ಲ, ದೋಣಿಯ ಮೂತಿ ಮರಳಿಗೆ ತಾಗಿತು.

ದಡದಲ್ಲಿ ಪಾದ್ರಿ ಕಾಯುತ್ತಿದ್ದರು. ಸಾಯಬಿಣಿಯ ಒದ್ದೆ ಪಾದ ನೋಡಿದರು, ಬಲೆಯ ನೂಲು ಸಿಕ್ಕಿಕೊಂಡ ಸೆರಗು ನೋಡಿದರು, ಖಾಲಿ ತಪ್ಪಲೆ ನೋಡಿದರು.

"ಕೆಳಗಿಟ್ರಾ ಮಾಮ?"

"ಇಟ್ಟೆ ಫಾದರ್."

"ಪ್ರಾರ್ಥನೆ?"

"ಮಾಡ್ದೆ."

"ಯಾವುದು ಹೇಳಿದ್ರಿ?"

"ನೀವು ಕಲಿಸಿದ್ದು ಒಂದೂ ಅಲ್ಲ."

ಪಾದ್ರಿ ತಮ್ಮ ಅಂಗಿಯ ತುದಿಯಿಂದ ಸಾಯಬಿಣಿಯ ಪಾದ ಒರೆಸುತ್ತ, "ಹಂಗಾದ್ರೆ ಗುರುತಾಯ್ತು, ಬಿಡಿ," ಎಂದರು.

ಹಿಂದಿನಿಂದ ಖಾರ್ವಿ ದೋಣಿ ಎಳೆಯುತ್ತ ಕೂಗಿದ: "ದೇವರಿಗೆ ಗುರುತಾಯ್ತೋ ಇಲ್ವೋ ಫಾದರ್, ಮೀನಿಗೆ ಕಡಲೆಯ ಗುರುತು ಆಯ್ತು."

ಇಷ್ಟು ಹೇಳಿ ನಾನು ಕತೆ ಮುಗಿಸಿದಾಗ ಇಗರ್ಜಿಯ ಕಟ್ಟೆಯಲ್ಲಿ ಕೂತ ಎಲ್ಲರೂ ನಕ್ಕರು. ಕಂಡಕ್ಟರ್ ಒಬ್ಬನೇ ನಗಲಿಲ್ಲ. ಬೆರಳು ಎತ್ತಿ, ಬಸ್ಸು ನಿಲ್ಲಿಸುವ ಹಾಗೆ ನನ್ನನ್ನು ನಿಲ್ಲಿಸಿದ.

"ಮಾಮಾ, ಒಂದ್ನಿಮಿಷ. ದೋಣಿಯಲ್ಲಿ ನೀವು ಸಾಯಬಿಣಿಗೆ ಎಂತ ಹೇಳಿದ್ರಿ?"

"ಹೇಳಿದೆನಲ್ಲ."

"ಈಜು ಬರೂದಿಲ್ಲ ಅಂದ್ರಿ. ಸೊಂಟದ ನೀರಿಗೂ ಇಳಿದಿಲ್ಲ ಅಂದ್ರಿ."

"ಅಂದೆ."

"ಹಂಗಾದ್ರೆ ಆ ದ್ವೀಪ? ಆ ಗಂಟೆ?"

ಎಲ್ಲರೂ ನನ್ನ ಬಾಯಿ ನೋಡಿದರು. ಹೆಂಡತಿ ಕೂಡ ಇಗರ್ಜಿಯ ಮೆಟ್ಟಿಲಲ್ಲಿ ಚಪ್ಪಲಿ ಹಾಕುತ್ತಿದ್ದವಳು ಹಾಗೇ ನಿಂತಳು. ಮಧ್ಯಾಹ್ನದ ಪ್ರಾರ್ಥನೆಯ ಗಂಟೆಗೆ ಹೊತ್ತಾಗಿತ್ತು. ನಾನು ಎದ್ದು, ಪಂಚೆ ಕೊಡವಿ, ಹೆಗಲು ಕುಣಿಸಿದೆ.

"ಅದು ನಿಮಗೆ ಹೇಳಿದ್ದು. ಇದು ಸಾಯಬಿಣಿಗೆ ಹೇಳಿದ್ದು," ಎಂದು ಹೇಳಿ ಗಂಟೆ ಎಳೆಯಲು ಹೋದೆ.